ನರಕೋಶ ಮತ್ತು ನರಮಂಡಲ: ಪ್ರಾಣಿವರ್ಗದಲ್ಲಿ ಅವುಗಳ ವ್ಯವಸ್ಥೆ

'ನರ' ಎಂಬುದು ಕನ್ನಡದಲ್ಲಿ ಬಹಳ ಹಳೆಯ ಮಾತು. ಆದರೆ ಅದರ ಅರ್ಥ ಮಾತ್ರ ಎಂದೂ ಖಚಿತವಾಗಿರಲಿಲ್ಲ. ಮುದುಕರ ಕೈಮೇಲೆ ನೀಲಿಯಾಗಿ ಉಬ್ಬಿ ಕಾಣುವ ರಕ್ತನಾಳವೂ ಆಡುಮಾತಿನಲ್ಲಿ ನರವೇ. ಹಿಮ್ಮಡಿಯ ಮೇಲೆ ಹಗ್ಗದಂತೆ ಬಿಗಿದಿರುವ ಕಂಡರವೂ ನರವೇ. ವೈದ್ಯಗ್ರಂಥಗಳು ಹೇಳುವ ಸಂವೇದನೆಯ ತಂತುವೂ ನರವೇ. ತಮಿಳಿನ 'ನರಂಬು' ಇವೆಲ್ಲಕ್ಕೂ ಸಲ್ಲುವುದಲ್ಲದೆ ವಾದ್ಯದ ತಂತಿಗೂ ಹೆಸರಾಗಿದೆ. ಸಂಸ್ಕೃತದಿಂದ ಬಂದ 'ಸ್ನಾಯು' ಶಬ್ದದ ಗತಿಯೂ ವಿಚಿತ್ರವೇ. ಕನ್ನಡ ಮರಾಠಿಗಳಲ್ಲಿ ಅದು ಮಾಂಸಖಂಡವಾದರೆ ಹಿಂದಿ ಬಂಗಾಳಿಗಳಲ್ಲಿ ಅದೇ ನರವಾಗುತ್ತದೆ. ಮುಂಬಯಿಯಿಂದ ದಿಲ್ಲಿಗೋ ಕಲಕತ್ತೆಗೋ ವರ್ಗವಾಗಿ ಹೋದ ಕನ್ನಡಿಗನಿಗೆ, ತನ್ನೊಡನೆ ಈ ಶಬ್ದವೂ ದೇಹದ ಒಂದು ಭಾಗದಿಂದ ಇನ್ನೊಂದಕ್ಕೆ ವರ್ಗವಾದಂತೆ ತೋರಿದರೆ ಆಶ್ಚರ್ಯವಿಲ್ಲ.

ಈ ಗೊಂದಲ ಭಾರತೀಯ ಭಾಷೆಗಳಿಗೆ ಮಾತ್ರ ಅಂಟಿದ ದೋಷವೆಂದು ತಿಳಿಯಬೇಕಾಗಿಲ್ಲ. ಗ್ರೀಕರ 'ನ್ಯೂರಾನ್' ಶಬ್ದಕ್ಕೂ ಮೂಲದಲ್ಲಿ ಕಂಡರ, ಬಿಲ್ಲಿನ ಹೆದೆ ಎಂಬ ಅರ್ಥಗಳೇ ಇದ್ದುವು. ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ವೈದ್ಯರಾದ ಹೆರೋಫಿಲಸ್ ಮತ್ತು ಎರಸಿಸ್ಟ್ರೇಟಸ್ ಶವಗಳನ್ನು ಕೊಯ್ದು ನೋಡಿ, ಮಿದುಳು ಬೆನ್ನುಹುರಿಗಳಿಂದ ಹೊರಡುವ ತಂತುಗಳು ಕಂಡರಗಳಿಂದ ಬೇರೆಯಾದುವು ಎಂದು ಗುರುತಿಸಿದರು. ಹೊರಗಣ್ಣಿಗೆ ಬಿಳಿಯ ದಾರದಂತೆ ಕಾಣುವ ಈ ವಸ್ತುವಿನ ಒಳರಚನೆಯನ್ನು ಅರಿಯಲು ಅಲ್ಲಿಂದ ಮುಂದೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು. ಆ ಅರಿವಿನ ನಡುವೆ ನಿಂತಿದ್ದ ಪ್ರಶ್ನೆ ಒಂದೇ: ನರಮಂಡಲವು ಅಖಂಡವಾದ ಒಂದು ಬಲೆಯೋ, ಅಥವಾ ಬಿಡಿಬಿಡಿಯಾದ ಕೋಶಗಳ ಕೂಟವೋ? ಕೆರೆಯ ಹೈಡ್ರದಿಂದ ಕಾಡಿನ ಆನೆಯವರೆಗೆ ನರಮಂಡಲದ ವ್ಯವಸ್ಥೆಯನ್ನು ತಿಳಿಯಬೇಕಾದರೆ ಈ ಪ್ರಶ್ನೆಯಿಂದಲೇ ತೊಡಗಬೇಕು. ಹಾವಿನ ವಿಷಕ್ಕೆ ಮಾಡುವ ಚಿಕಿತ್ಸೆಯಿಂದ ಹಿಡಿದು ನೆನಪಿನ ಸ್ವರೂಪದವರೆಗೆ ಎಷ್ಟೋ ವಿಷಯಗಳು ಇದರ ಉತ್ತರವನ್ನೇ ಅವಲಂಬಿಸಿವೆ.

೧. ಬಲೆಯೋ ಬಿಡಿಕೋಶವೋ

ಸಸ್ಯಗಳೂ ಪ್ರಾಣಿಗಳೂ ಜೀವಕೋಶಗಳಿಂದ ಕಟ್ಟಲ್ಪಟ್ಟಿವೆ ಎಂಬ ಸಿದ್ಧಾಂತವು ೧೮೩೯ರ ಹೊತ್ತಿಗೆ ಸ್ಪಷ್ಟರೂಪ ತಾಳಿತು. ಆದರೆ ಮಿದುಳನ್ನು ಈ ನಿಯಮಕ್ಕೆ ಒಳಪಡಿಸುವುದು ಸುಲಭವಾಗಲಿಲ್ಲ. ಮಿದುಳಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟರೆ ಕಾಣುತ್ತಿದ್ದುದು ಒಂದರೊಳಗೊಂದು ಹೆಣೆದುಕೊಂಡ ಎಳೆಗಳ ದಟ್ಟವಾದ ಪೊದೆ. ಯಾವ ಎಳೆ ಯಾವ ಕೋಶದ್ದು, ಅದು ಎಲ್ಲಿ ಮುಗಿಯುತ್ತದೆ ಎಂದು ಹೇಳುವಂತಿರಲಿಲ್ಲ. ಆದುದರಿಂದ ಎಳೆಗಳೆಲ್ಲ ಒಂದಕ್ಕೊಂದು ಬೆಸೆದು ಅಖಂಡವಾದ ಜಾಲವಾಗಿವೆ ಎಂಬ ಅಭಿಪ್ರಾಯಕ್ಕೆ ಹಲವರು ಬಂದರು.

ಈ ಪೊದೆಯನ್ನು ಬಿಡಿಸಿ ನೋಡುವ ಉಪಾಯವನ್ನು ೧೮೭೩ರಲ್ಲಿ ಕಂಡುಹಿಡಿದವನು ಇಟಲಿಯ ಕ್ಯಾಮಿಲ್ಲೊ ಗಾಲ್ಜಿ. ಆಗ ಅವನು ಗುಣವಾಗದ ರೋಗಿಗಳ ಆಸ್ಪತ್ರೆಯೊಂದರಲ್ಲಿ ವೈದ್ಯನಾಗಿದ್ದನು. ಅಲ್ಲಿಯ ಒಂದು ಅಡುಗೆಯ ಕೋಣೆಯೇ ಅವನ ಪ್ರಯೋಗಶಾಲೆ. ನರಗಳ ಅಂಗಾಂಶವನ್ನು ಮೊದಲು ಪೊಟ್ಯಾಸಿಯಂ ಡೈಕ್ರೊಮೇಟಿನಲ್ಲಿ ನೆನೆಸಿ, ಬಳಿಕ ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ಅದ್ದಿದರೆ ಕೆಲವೇ ಕೆಲವು ಕೋಶಗಳು ಅಡಿಯಿಂದ ಮುಡಿಯವರೆಗೆ ಕಪ್ಪಾಗುತ್ತಿದ್ದುವು. ಉಳಿದುವೆಲ್ಲ ಬಣ್ಣವಿಲ್ಲದೆ ಮರೆಯಾಗುತ್ತಿದ್ದುವು. ಎಲ್ಲವೂ ಬಣ್ಣಗೊಂಡಿದ್ದರೆ ಏನೂ ಕಾಣುತ್ತಿರಲಿಲ್ಲ. ಕೆಲವು ಮಾತ್ರ ಬಣ್ಣಗೊಂಡುದರಿಂದಲೇ ಒಂದೊಂದು ಕೋಶದ ಪೂರ್ಣಾಕೃತಿ ಕಣ್ಣಿಗೆ ಬಿತ್ತು. ಇಷ್ಟನ್ನು ಸಾಧಿಸಿದ ಗಾಲ್ಜಿಯೇ ಉದ್ದನೆಯ ಎಳೆಗಳ ತುದಿಗಳೆಲ್ಲ ಒಂದು ಜಾಲದಲ್ಲಿ ಬೆಸೆದುಕೊಂಡಿವೆ ಎಂಬ ನಂಬಿಕೆಯನ್ನು ಕಡೆಯವರೆಗೂ ಬಿಡಲಿಲ್ಲ.

ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ ೧೮೮೭ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಗಾಲ್ಜಿಯ ಕ್ರಮದಿಂದ ಸಿದ್ಧಪಡಿಸಿದ ಸೀಳುಗಳನ್ನು ಮೊದಲ ಬಾರಿಗೆ ಕಂಡನು. ಅದೇ ಕ್ರಮವನ್ನು ತಿದ್ದಿ, ಬೆಳೆದ ಪ್ರಾಣಿಗಳ ಬದಲು ಮರಿಗಳ ಮತ್ತು ಭ್ರೂಣಗಳ ಮಿದುಳನ್ನು ಅವನು ಆರಿಸಿಕೊಂಡನು. ಬಲಿತ ಕಾಡಿನಲ್ಲಿ ಮರಗಳನ್ನು ಎಣಿಸುವುದಕ್ಕಿಂತ ಸಸಿಗಳ ತೋಪಿನಲ್ಲಿ ಎಣಿಸುವುದು ಸುಲಭವಷ್ಟೆ. ೧೮೮೮ರಲ್ಲಿ, ಸ್ವಂತ ಖರ್ಚಿನಿಂದ ತಾನೇ ಹೊರಡಿಸಿದ ಒಂದು ತ್ರೈಮಾಸಿಕದಲ್ಲಿ ಅವನು ಪಕ್ಷಿಗಳ ಕಿರುಮಿದುಳಿನ ರಚನೆಯನ್ನು ಪ್ರಕಟಿಸಿದನು. ಎಳೆಗಳು ಬೆಸೆದಿಲ್ಲ, ಒಂದರ ತುದಿ ಇನ್ನೊಂದರ ಮೈಯನ್ನು ಸಮೀಪಿಸಿ ನಿಲ್ಲುತ್ತದೆ ಎಂಬುದು ಅವನ ನಿರ್ಣಯ. ಆ ಭಾಷೆಯನ್ನು ಬಲ್ಲ ವಿದ್ವಾಂಸರು ಹೊರಗೆ ವಿರಳವಾಗಿದ್ದುದರಿಂದ ಕಹಾಲ್ ೧೮೮೯ರಲ್ಲಿ ತನ್ನ ಸೀಳುಗಳನ್ನು ಕಟ್ಟಿಕೊಂಡು ಬರ್ಲಿನ್ನಿಗೆ ಹೋದನು. ಅಲ್ಲಿ ನಡೆದ ಅಂಗರಚನಾಶಾಸ್ತ್ರಜ್ಞರ ಸಮ್ಮೇಳನದಲ್ಲಿ ಹಿರಿಯನಾದ ಕೋಲಿಕರ್ ಅವನ್ನು ನೋಡಿ ಒಪ್ಪಿದನು. ೧೮೯೧ರಲ್ಲಿ ಜರ್ಮನಿಯ ವಾಲ್ಡೈಯರ್ ಈ ಬಿಡಿಕೋಶಕ್ಕೆ 'ನ್ಯೂರಾನ್' ಎಂಬ ಹಳೆಯ ಗ್ರೀಕ್ ಹೆಸರನ್ನೇ ಕೊಟ್ಟನು. ಕನ್ನಡದಲ್ಲಿ ಅದು ನರಕೋಶ.

೧೯೦೬ರ ನೊಬೆಲ್ ಬಹುಮಾನ ಗಾಲ್ಜಿ ಮತ್ತು ಕಹಾಲ್ ಇಬ್ಬರಿಗೂ ಹಂಚಿ ಬಂದಿತು. ಆ ಸಂದರ್ಭದ ಉಪನ್ಯಾಸದಲ್ಲಿ ಗಾಲ್ಜಿ ನರಕೋಶ ಸಿದ್ಧಾಂತವನ್ನೇ ಖಂಡಿಸಿ ಮಾತನಾಡಿದನು; ಕಹಾಲ್ ಅದನ್ನು ಸಮರ್ಥಿಸಿದನು. ಒಂದೇ ಬಹುಮಾನವನ್ನು ಪಡೆದ ಇಬ್ಬರು ಒಂದೇ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಮಾತನ್ನಾಡಿದುದು ಅಪೂರ್ವವೇ ಸರಿ. ೧೯೫೦ರ ದಶಕದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ವಿವಾದಕ್ಕೆ ತೆರೆ ಬಿದ್ದಿತು. ಒಂದು ನರಕೋಶದ ತುದಿಗೂ ಮುಂದಿನ ಕೋಶದ ಪೊರೆಗೂ ನಡುವೆ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಎಡೆ ಇರುವುದು ಚಿತ್ರಗಳಲ್ಲಿ ನಿಚ್ಚಳವಾಗಿ ಮೂಡಿತು.

೨. ಕೋಶದ ರಚನೆಯೂ ಸಂದೇಶದ ಸಂಚಾರವೂ

ನರಕೋಶದಲ್ಲಿ ಮೂರು ಭಾಗಗಳನ್ನು ಗುರುತಿಸುವುದು ವಾಡಿಕೆ. ಬೀಜಕೇಂದ್ರವನ್ನು ಒಳಗೊಂಡ ಕೋಶದೇಹ ಒಂದು. ಅದರಿಂದ ಮರದ ಕೊಂಬೆಗಳಂತೆ ಹರಡಿ ಸಂದೇಶಗಳನ್ನು ಬರಮಾಡಿಕೊಳ್ಳುವ ಡೆಂಡ್ರೈಟುಗಳು ಎರಡನೆಯವು. ಸಂದೇಶವನ್ನು ಹೊತ್ತೊಯ್ಯುವ ಉದ್ದನೆಯ ಅಕ್ಷತಂತು ಮೂರನೆಯದು. ಕೋಶದೇಹವು ಸಾಮಾನ್ಯವಾಗಿ ಕಣ್ಣಿಗೆ ಕಾಣದಷ್ಟು ಚಿಕ್ಕದು. ಆದರೆ ಮನುಷ್ಯನ ಬೆನ್ನುಹುರಿಯ ಕೆಳತುದಿಯಿಂದ ಹೊರಟು ಕಾಲ್ಬೆರಳಿನ ಸಮೀಪಕ್ಕೆ ಮುಟ್ಟುವ ಅಕ್ಷತಂತು ಸುಮಾರು ಒಂದು ಮೀಟರು ಉದ್ದವಿರುತ್ತದೆ. ವೈದ್ಯರು ಕೈಯಲ್ಲಿ ಹಿಡಿದು ತೋರಿಸುವ ದಾರದಂಥ ನರವೆಂದರೆ ಇಂತಹ ಸಾವಿರಾರು ಅಕ್ಷತಂತುಗಳ ಕಟ್ಟು.

ಈ ತಂತುಗಳಲ್ಲಿ ಹರಿಯುವುದು ಏನು? ಹಿಂದಿನವರು ಅದನ್ನು ಪ್ರಾಣವಾಯುವಿನಂಥ ಸೂಕ್ಷ್ಮದ್ರವ್ಯವೆಂದು ಊಹಿಸಿದ್ದರು. ೧೭೯೧ರಲ್ಲಿ ಗಾಲ್ವಾನಿಯು ಕಪ್ಪೆಯ ಕಾಲಿನ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿ ವಿದ್ಯುತ್ತಿನ ಸಂಬಂಧವನ್ನು ಎತ್ತಿ ತೋರಿಸಿದನು. ಸಂದೇಶದ ವೇಗವನ್ನು ಅಳೆಯುವುದು ಅಸಾಧ್ಯವೆಂದು ಬಲ್ಲವರೇ ಹೇಳುತ್ತಿದ್ದ ಕಾಲದಲ್ಲಿ, ೧೮೫೦ರಲ್ಲಿ, ಹೆಲ್ಮ್‌ಹೋಲ್ಟ್ಸ್ ಅದನ್ನು ಅಳೆದೇಬಿಟ್ಟನು: ಕಪ್ಪೆಯ ನರದಲ್ಲಿ ಅದು ಸೆಕೆಂಡಿಗೆ ೨೫ರಿಂದ ೪೦ ಮೀಟರುಗಳ ಒಳಗಿದ್ದಿತು. ತಂತಿಯಲ್ಲಿ ಹರಿಯುವ ವಿದ್ಯುತ್ತಿನ ವೇಗಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ಎಂದಮೇಲೆ ನರವು ತಾಮ್ರದ ತಂತಿಯಂತೆ ಕೆಲಸ ಮಾಡುವುದಿಲ್ಲ ಎಂದಾಯಿತು.

ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಸಿಕೊಟ್ಟುದು ಕಡಲಿನ ಒಂದು ಪ್ರಾಣಿ. ಕರಾವಳಿಯವರು ಬೊಂಡಾಸ್ ಎಂದು ಕರೆದು ಅಡುಗೆಗೆ ಬಳಸುವ ಸ್ಕ್ವಿಡ್ಡಿನ ಮೈಯಲ್ಲಿ ಒಂದು ಮಿಲಿಮೀಟರಿನವರೆಗೂ ದಪ್ಪವಾದ ಅಕ್ಷತಂತುಗಳಿವೆ ಎಂದು ಇಂಗ್ಲೆಂಡಿನ ಜೆ. ಝಡ್. ಯಂಗ್ ೧೯೩೬ರಲ್ಲಿ ತೋರಿಸಿದನು. ಇಷ್ಟು ದಪ್ಪದ ತಂತುವಿನೊಳಗೆ ವಿದ್ಯುತ್ತನ್ನು ಅಳೆಯುವ ಸಲಾಕೆಯನ್ನು ತೂರಿಸಬಹುದಾಗಿತ್ತು. ಹಾಜ್‌ಕಿನ್ ಮತ್ತು ಹಕ್ಸ್ಲಿ ೧೯೫೨ರಲ್ಲಿ ಇದರ ಗಣಿತವನ್ನು ಪೂರ್ಣಗೊಳಿಸಿದರು. ವಿಶ್ರಾಂತಿಯ ಸ್ಥಿತಿಯಲ್ಲಿ ಪೊರೆಯ ಒಳಬದಿಯು ಹೊರಬದಿಗಿಂತ ಸುಮಾರು ೭೦ ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಪ್ರಚೋದನೆಯಾದೊಡನೆ ಪೊರೆಯ ದ್ವಾರಗಳು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ಮರುಕ್ಷಣದಲ್ಲಿ ಪೊಟ್ಯಾಸಿಯಂ ಅಯಾನುಗಳು ಹೊರಬಂದು ಹಿಂದಿನ ಸ್ಥಿತಿ ಮರಳುತ್ತದೆ. ಒಂದೆಡೆ ನಡೆದ ಈ ವ್ಯಾಪಾರ ಪಕ್ಕದ ದ್ವಾರಗಳನ್ನು ತೆರೆಯಿಸುತ್ತದೆ. ಅದು ಅದರ ಪಕ್ಕದವನ್ನು. ಹೀಗೆ ಸಂದೇಶವು ತಂತುವಿನುದ್ದಕ್ಕೂ ಹೆಜ್ಜೆಹೆಜ್ಜೆಗೆ ಹೊಸದಾಗಿ ಹುಟ್ಟುತ್ತ ಸಾಗುತ್ತದೆ. ಆದುದರಿಂದಲೇ ದೂರ ಹೋದಂತೆಲ್ಲ ಕುಂದುವುದಿಲ್ಲ.

ವೇಗವನ್ನು ಹೆಚ್ಚಿಸಲು ಪ್ರಾಣಿಗಳಲ್ಲಿ ಎರಡು ದಾರಿಗಳಿವೆ. ತಂತುವನ್ನು ದಪ್ಪಗೊಳಿಸುವುದು ಸ್ಕ್ವಿಡ್ಡಿನ ದಾರಿ. ಬೆನ್ನೆಲುಬಿನ ಪ್ರಾಣಿಗಳು ತಂತುವಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ಸುತ್ತಿ, ಅಲ್ಲಲ್ಲಿ ಮಾತ್ರ ಎಡೆಬಿಟ್ಟು, ಸಂದೇಶವನ್ನು ಒಂದು ಎಡೆಯಿಂದ ಇನ್ನೊಂದಕ್ಕೆ ಜಿಗಿಸುತ್ತವೆ. ಅರ್ಧ ಮಿಲಿಮೀಟರಿಗೂ ಮಿಕ್ಕ ದಪ್ಪದ ಸ್ಕ್ವಿಡ್ಡಿನ ತಂತು ಸಾಧಿಸುವ ವೇಗವನ್ನು, ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ತುಸುವೇ ದಪ್ಪವಾದ ಕಪ್ಪೆಯ ತಂತುವು ಈ ಉಪಾಯದಿಂದ ಸಾಧಿಸುತ್ತದೆ. ಮನುಷ್ಯನಲ್ಲಿ ವೇಗವು ಸೆಕೆಂಡಿಗೆ ೧೦೦ ಮೀಟರನ್ನು ಮೀರುವುದೂ ಉಂಟು. ಈ ಹೊದಿಕೆಯನ್ನು ನೇಯುವುದು ನರಕೋಶವಲ್ಲ, ಗ್ಲಯಾ ಎಂಬ ಬೇರೊಂದು ವರ್ಗದ ಕೋಶಗಳು. ಗ್ರೀಕಿನಲ್ಲಿ ಆ ಮಾತಿಗೆ ಅಂಟು ಎಂದರ್ಥ. ಬಹುಕಾಲ ಅವನ್ನು ಬರಿಯ ಅಂಟೆಂದೇ ಎಣಿಸಲಾಗಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯಲ್ಲಿ ಹೊದಿಕೆ ನಾಶವಾಗಿ ದೃಷ್ಟಿಯೂ ನಡಿಗೆಯೂ ಕೆಡುವುದನ್ನು ನೋಡಿದರೆ, ಅಂಟಿನ ಬೆಲೆ ತಿಳಿಯುತ್ತದೆ.

೩. ಸಂಧಿಯ ಮಹತ್ತ್ವ

ಕೋಶಗಳು ಬಿಡಿಯಾಗಿದ್ದರೆ ಸಂದೇಶವು ಎಡೆಯನ್ನು ದಾಟುವುದು ಹೇಗೆ? ೧೮೯೭ರಲ್ಲಿ ಶೆರಿಂಗ್ಟನ್ ಈ ಎಡೆಗೆ 'ಸಿನಾಪ್ಸ್' ಎಂದು ಹೆಸರಿಟ್ಟನು, ನರಸಂಧಿ ಎನ್ನಬಹುದು. ೧೯೨೧ರಲ್ಲಿ ಆಸ್ಟ್ರಿಯದ ಆಟೊ ಲೋವಿಯು ಕಪ್ಪೆಯ ಎರಡು ಹೃದಯಗಳನ್ನು ತೆಗೆದುಕೊಂಡು, ಒಂದರ ನರವನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನಗೊಳಿಸಿದನು. ಅದು ಮುಳುಗಿದ್ದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಯಿಸಲು, ಯಾವ ನರವನ್ನೂ ಮುಟ್ಟದಿದ್ದರೂ ಅದರ ಬಡಿತವೂ ನಿಧಾನವಾಯಿತು. ಎಡೆಯನ್ನು ದಾಟುವುದು ವಿದ್ಯುತ್ತಲ್ಲ, ಒಂದು ರಾಸಾಯನಿಕವಸ್ತು ಎಂದು ಇದರಿಂದ ಸಿದ್ಧವಾಯಿತು. ಆ ವಸ್ತು ಅಸಿಟೈಲ್‌ಕೋಲೀನ್. ತುದಿಗೆ ಬಂದ ಸಂದೇಶವು ಅಲ್ಲಿಯ ಪುಟ್ಟ ಚೀಲಗಳಿಂದ ಈ ವಸ್ತುವನ್ನು ಹೊರಚೆಲ್ಲಿಸುತ್ತದೆ. ಅದು ಎದುರಿನ ಪೊರೆಯ ಗ್ರಾಹಕಗಳನ್ನು ಮುಟ್ಟಿ ಹೊಸ ಸಂದೇಶವನ್ನು ಹುಟ್ಟಿಸುತ್ತದೆ, ಇಲ್ಲವೆ ಹುಟ್ಟದಂತೆ ತಡೆಯುತ್ತದೆ.

ಈ ಸಣ್ಣ ಎಡೆಯೇ ಎಷ್ಟೋ ವಿಷಗಳಿಗೆ ದಾರಿಯಾಗಿದೆ. ನಾಗರಹಾವಿನ ವಿಷದಲ್ಲಿರುವ ಕೆಲವು ಅಂಶಗಳು ಮಾಂಸಖಂಡದ ಗ್ರಾಹಕಗಳಲ್ಲಿ ತಾವೇ ಹೋಗಿ ಕುಳಿತು ಅಸಿಟೈಲ್‌ಕೋಲೀನಿಗೆ ಎಡೆಗೊಡುವುದಿಲ್ಲ. ಕಟ್ಟುಹಾವಿನ ವಿಷದಲ್ಲಿ ಇದರ ಜೊತೆಗೆ ನರದ ತುದಿಯನ್ನೇ ಹಾಳುಗೆಡಹುವ ಇನ್ನೊಂದು ಅಂಶವೂ ಇದೆ. ಎರಡರಲ್ಲಿಯೂ ಹೊರಗೆ ಕಾಣುವ ಲಕ್ಷಣಗಳು ಒಂದೇ: ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಕಡೆಗೆ ಉಸಿರಾಟದ ಮಾಂಸಖಂಡಗಳು ಸೋಲುತ್ತವೆ. ಆದರೆ ನಾಗರಹಾವಿನ ಕಡಿತದಲ್ಲಿ ಪ್ರತಿವಿಷದೊಡನೆ, ಅಸಿಟೈಲ್‌ಕೋಲೀನು ಹೆಚ್ಚುಕಾಲ ಉಳಿಯುವಂತೆ ಮಾಡುವ ನಿಯೋಸ್ಟಿಗ್ಮಿನ್ ಮದ್ದು ನೆರವಾಗುತ್ತದೆ. ಕಟ್ಟುಹಾವಿನ ಕಡಿತದಲ್ಲಿ ತುದಿಯೇ ನಾಶವಾಗಿರುವುದರಿಂದ ಅದರಿಂದ ಹೆಚ್ಚು ಫಲವಿಲ್ಲ. ಅಲ್ಲಿ ಹೊಸ ತುದಿ ಚಿಗುರುವವರೆಗೆ ಎಷ್ಟೋ ದಿನ ಯಂತ್ರದಿಂದ ಉಸಿರಾಡಿಸಬೇಕಾಗಬಹುದು. ಹೊಲಕ್ಕೆ ಸಿಂಪಡಿಸುವ ಆರ್ಗನೊಫಾಸ್ಫೇಟ್ ಕೀಟನಾಶಕಗಳು ಇದಕ್ಕೆ ವಿರುದ್ಧವಾದ ಅನಾಹುತವನ್ನು ಮಾಡುತ್ತವೆ. ಕೆಲಸ ಮುಗಿದ ಅಸಿಟೈಲ್‌ಕೋಲೀನನ್ನು ಒಡೆಯುವ ಕಿಣ್ವವನ್ನು ಅವು ಕಟ್ಟಿಹಾಕುತ್ತವೆ. ಸಂದೇಶ ನಿಲ್ಲುವುದೇ ಇಲ್ಲ. ಹುಳುವಾಗಲಿ ಮನುಷ್ಯನಾಗಲಿ ಅದರಿಂದಲೇ ಸಾಯಬಹುದು. ನರಮಂಡಲವು ಅಖಂಡವಾದ ಬಲೆ ಎಂದೇ ನಂಬಿ ಕುಳಿತಿದ್ದರೆ ಇವುಗಳಲ್ಲಿ ಒಂದಕ್ಕೂ ಸರಿಯಾದ ವಿವರಣೆ ದೊರೆಯುತ್ತಿರಲಿಲ್ಲ.

ಕಲಿಕೆಯೂ ಸಂಧಿಯಲ್ಲಿಯೇ ನಡೆಯುತ್ತದೆ. ಕಡಲಮೊಲವೆಂಬ ಬಸವನಹುಳುವಿನ ಜಾತಿಯ ಪ್ರಾಣಿಯಲ್ಲಿರುವುದು ಸುಮಾರು ೨೦,೦೦೦ ನರಕೋಶಗಳು. ಅದು ಅನುಭವದಿಂದ ಏನನ್ನಾದರೂ ಕಲಿತಾಗ ನಿರ್ದಿಷ್ಟವಾದ ಕೆಲವು ಸಂಧಿಗಳ ಬಲ ಹೆಚ್ಚುಕಡಿಮೆಯಾಗುವುದನ್ನು ಎರಿಕ್ ಕ್ಯಾಂಡೆಲ್ ತೋರಿಸಿ ೨೦೦೦ದ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದನು. ಇಂತಹ ಶೋಧನೆಯಲ್ಲಿ ಮುಂಬಯಿ ಬೆಂಗಳೂರುಗಳಿಗೂ ಒಂದು ಸ್ಥಾನವಿದೆ. ೧೯೬೨ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರದ ವಿಭಾಗವನ್ನು ತೊಡಗಿದ ಒಬೈದ್ ಸಿದ್ದಿಕಿಯವರು, ಬಿಸಿಯೇರಿದೊಡನೆ ಪಾರ್ಶ್ವವಾಯು ಬಡಿದಂತೆ ಬಿದ್ದು ತಣ್ಣಗಾದ ಮೇಲೆ ಏಳುವ ಹಣ್ಣುನೊಣಗಳನ್ನು ಅಮೆರಿಕದ ಸೀಮೋರ್ ಬೆಂಜರರೊಡನೆ ಪರೀಕ್ಷಿಸಿ, ೧೯೭೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದೊಂದು ಜೀನಿನ ದೋಷವು ನರವ್ಯಾಪಾರದ ಒಂದೊಂದು ಹಂತವನ್ನು ಹೇಗೆ ಕೆಡಿಸುತ್ತದೆ ಎಂಬುದು ಆ ವಿಚಾರದ ತಿರುಳು. ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರೂ ಅವರೇ. ೨೦೧೩ರಲ್ಲಿ ಅವರು ತೀರಿಕೊಂಡರು.

೪. ವ್ಯವಸ್ಥೆಯ ಬಗೆಗಳು

ನರಕೋಶವು ಹೈಡ್ರದಲ್ಲಿಯೂ ಮನುಷ್ಯನಲ್ಲಿಯೂ ಬಹುಮಟ್ಟಿಗೆ ಒಂದೇ ಬಗೆಯದು. ಪ್ರಾಣಿಪ್ರಾಣಿಗೆ ಬೇರೆಯಾಗುವುದು ಕೋಶಗಳ ಸಂಖ್ಯೆ ಮತ್ತು ಜೋಡಣೆ. ಸ್ಪಂಜುಗಳಿಗೆ ನರಕೋಶಗಳೇ ಇಲ್ಲ. ಕೆರೆಯ ನೀರುಗಿಡಗಳಿಗೆ ಅಂಟಿಕೊಂಡಿರುವ ಹೈಡ್ರದ ಮೈತುಂಬ ನರಕೋಶಗಳು ಬಲೆಯಂತೆ ಹರಡಿವೆ. ಅಲ್ಲಿ ಮಿದುಳಾಗಲಿ ಹುರಿಯಾಗಲಿ ಇಲ್ಲ. ಎಲ್ಲಿ ಮುಟ್ಟಿದರೂ ಪ್ರಚೋದನೆ ಸುತ್ತಲೂ ಹರಡುತ್ತದೆ. ಕದಲದೆ ಒಂದೆಡೆ ನಿಂತು, ಯಾವ ದಿಕ್ಕಿನಿಂದಲಾದರೂ ಬರಬಹುದಾದ ಆಹಾರವನ್ನು ಕಾಯುವ ಜೀವಕ್ಕೆ ಇದೇ ತಕ್ಕ ವ್ಯವಸ್ಥೆ. ಅಂಬಲಿಮೀನಿನಲ್ಲಿ ಬಲೆಯ ಜೊತೆಗೆ ಕೊಡೆಯ ಅಂಚಿನಲ್ಲಿ ನರಗಳ ಬಳೆಯೊಂದು ಸೇರಿ, ಈಜಿನ ತಾಳವನ್ನು ನಿಯಮಿಸುತ್ತದೆ.

ಒಂದು ದಿಕ್ಕಿಗೆ ಮುಖಮಾಡಿ ಚಲಿಸುವ ಪ್ರಾಣಿಗೆ ಮುಂದಿನ ತುದಿಯೇ ಮೊದಲು ಹೊಸತನ್ನು ಎದುರಿಸುತ್ತದೆ. ಅಲ್ಲಿ ಇಂದ್ರಿಯಗಳೂ, ಅವುಗಳ ಬೆನ್ನಿಗೆ ನರಕೋಶಗಳೂ ಗುಂಪುಗೂಡುವುವು. ಚಪ್ಪಟೆಹುಳುಗಳಲ್ಲಿ ತಲೆಯ ಕಡೆ ಒಂದು ಸಣ್ಣ ಮಿದುಳೂ, ಅಲ್ಲಿಂದ ಹಿಂದಕ್ಕೆ ಏಣಿಯಂತೆ ಅಡ್ಡಮೆಟ್ಟಿಲುಗಳುಳ್ಳ ಎರಡು ಹುರಿಗಳೂ ಕಾಣುತ್ತವೆ. ಎರೆಹುಳು, ಜಿಗಣೆ, ಕೀಟ ಮುಂತಾದವುಗಳಲ್ಲಿ ಹುರಿಯು ಹೊಟ್ಟೆಯ ಬದಿಯಲ್ಲಿದ್ದು, ಮೈಯ ಒಂದೊಂದು ಖಂಡಕ್ಕೆ ಒಂದೊಂದರಂತೆ ನರಗಂಟುಗಳನ್ನು ಪೋಣಿಸಿಕೊಂಡಿರುತ್ತದೆ. ಜಿಗಣೆಯ ನಡುಮೈಯಲ್ಲಿ ಇಂತಹ ೨೧ ಗಂಟುಗಳಿದ್ದು, ಸಾಮಾನ್ಯವಾಗಿ ಒಂದೊಂದರಲ್ಲಿಯೂ ಸುಮಾರು ೪೦೦ ನರಕೋಶಗಳಿರುತ್ತವೆ. ಶಾಖೆಗಳಿರುವ ಸಂಸ್ಥೆಯಲ್ಲಿ ದೈನಂದಿನ ವ್ಯವಹಾರವನ್ನು ಶಾಖೆಯೇ ತೀರಿಸಿ, ದೊಡ್ಡ ವಿಷಯಗಳನ್ನು ಮಾತ್ರ ಕೇಂದ್ರಕ್ಕೆ ಕಳುಹಿಸುವಂತೆ, ಒಂದೊಂದು ಗಂಟೂ ತನ್ನ ಖಂಡದ ಕೆಲಸವನ್ನು ತಾನೇ ನೋಡಿಕೊಳ್ಳುತ್ತದೆ. ತಲೆ ಕಡಿದ ಜಿರಲೆ ಕೆಲವು ದಿನ ಬದುಕಿ ಕಾಲಾಡಿಸುವುದರ ಗುಟ್ಟು ಇದೇ.

ಈ ಹಂಚಿಕೆಯನ್ನು ಅತಿದೂರ ಕೊಂಡೊಯ್ದ ಪ್ರಾಣಿ ಅಷ್ಟಪದಿ. ಅದರಲ್ಲಿರುವ ಸುಮಾರು ೫೦ ಕೋಟಿ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ತಲೆಯಲ್ಲಿಲ್ಲ, ಎಂಟು ತೋಳುಗಳಲ್ಲಿವೆ. ಕಡಿದ ತೋಳು ಕೂಡ ಸ್ವಲ್ಪ ಕಾಲ ಮುಟ್ಟಿದುದನ್ನು ಹಿಡಿಯಲೂ ನೋವಿನಿಂದ ಹಿಂಜರಿಯುವಂತೆ ಮಡಿಸಿಕೊಳ್ಳಲೂ ಬಲ್ಲುದು. ಆದರೂ ಅಷ್ಟಪದಿಯು ಮಂದಬುದ್ಧಿಯದಲ್ಲ. ಮುಚ್ಚಳ ತಿರುಪಿ ಸೀಸೆಯೊಳಗಿನ ಏಡಿಯನ್ನು ತೆಗೆಯುವಷ್ಟು ಚತುರವಾದುದು. ಬುದ್ಧಿಯೆಲ್ಲ ಒಂದೆಡೆ ಕೂಡಿರಲೇಬೇಕೆಂಬ ನಿಯಮವೇನೂ ಪ್ರಕೃತಿಯಲ್ಲಿಲ್ಲ.

ಬೆನ್ನೆಲುಬಿನ ಪ್ರಾಣಿಗಳಲ್ಲಿ ಹುರಿಯು ಬೆನ್ನಿನ ಬದಿಯಲ್ಲಿದೆ. ಒಳಗೆ ಟೊಳ್ಳಾದ ಕೊಳವೆಯಂತಿದೆ. ಅದರ ಮುಂತುದಿ ಉಬ್ಬಿ ಮಿದುಳಾಗಿದೆ. ಕೀಟವನ್ನು ಅಂಗಾತ ಮಲಗಿಸಿದರೆ ಅದರ ರಚನೆ ಬೆನ್ನೆಲುಬಿನ ಪ್ರಾಣಿಯದಕ್ಕೆ ಹೊಂದುತ್ತದೆ ಎಂದು ಫ್ರಾನ್ಸಿನ ಜೆಫ್ರಾ ಸಾಂತಿಲೇರ್ ೧೮೨೨ರಲ್ಲಿ ಹೇಳಿದಾಗ ನಕ್ಕವರೇ ಹೆಚ್ಚು. ೧೯೯೦ರ ದಶಕದಲ್ಲಿ, ಮೈಯ ಬೆನ್ನು ಹೊಟ್ಟೆಗಳನ್ನು ನಿರ್ಧರಿಸುವ ಜೀನುಗಳು ಎರಡು ವರ್ಗಗಳಲ್ಲಿಯೂ ಸಮಾನವಾಗಿದ್ದು ತಲೆಕೆಳಗಾಗಿ ಕೆಲಸ ಮಾಡುವುದು ಕಂಡುಬಂದು, ಆ ಮಾತಿಗೆ ಮತ್ತೆ ಗೌರವ ಬಂದಿತು.

ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆಯೆಂದು ೨೦೦೯ರ ಎಣಿಕೆ ತಿಳಿಸುತ್ತದೆ. ಅವುಗಳಲ್ಲಿ ಸುಮಾರು ೬,೯೦೦ ಕೋಟಿ ಹಿಂಬದಿಯ ಕಿರುಮಿದುಳಿನಲ್ಲಿದ್ದು, ವಿವೇಚನೆಗೆ ಆಸರೆಯಾದ ಹೊರಪದರದಲ್ಲಿ ಇರುವುದು ೧,೬೦೦ ಕೋಟಿ. ಆಫ್ರಿಕದ ಆನೆಗೆ ಒಟ್ಟು ಸುಮಾರು ೨೫,೭೦೦ ಕೋಟಿ ನರಕೋಶಗಳಿದ್ದರೂ ಅದರ ಹೊರಪದರದ ಪಾಲು ಸುಮಾರು ೫೬೦ ಕೋಟಿ ಮಾತ್ರ. ಒಟ್ಟು ಮೊತ್ತವೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಯಾವ ಖಾತೆಯಲ್ಲಿ ಎಷ್ಟಿದೆ ಎಂಬುದನ್ನೂ ನೋಡಬೇಕು.

ಹಳೆಯ ವ್ಯವಸ್ಥೆಗಳು ಹೊಸದರಲ್ಲಿ ಅಳಿದುಹೋಗಿವೆ ಎಂದೂ ತಿಳಿಯಬಾರದು. ಕಾದ ಪಾತ್ರೆಯನ್ನು ಮುಟ್ಟಿದ ಕೈ ಹಿಂದಕ್ಕೆ ಬರುವುದು ಬೆನ್ನುಹುರಿಯ ಅಪ್ಪಣೆಯಿಂದ. ಮಿದುಳಿಗೆ ನೋವಿನ ಸುದ್ದಿ ತಲುಪುವುದು ಆಮೇಲೆ. ಹೊರಗಿನ ನರಗಳನ್ನೆಲ್ಲ ಕಡಿದರೂ ಕರುಳು ತನ್ನ ಅಲೆಯಂಥ ಚಲನೆಯನ್ನು ಮುಂದುವರಿಸುವುದನ್ನು ಬೇಲಿಸ್ ಮತ್ತು ಸ್ಟಾರ್ಲಿಂಗ್ ೧೮೯೯ರಲ್ಲಿ ಕಂಡರು. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಮಿಕ್ಕ ನರಕೋಶಗಳು ಬಲೆಯಾಗಿ ಹರಡಿರುವುದೇ ಅದಕ್ಕೆ ಕಾರಣ. ಹೈಡ್ರವನ್ನು ನೆನಪಿಗೆ ತರುವ ಬಲೆಯೂ, ಜಿಗಣೆಯನ್ನು ಹೋಲುವ ಖಂಡಗಳ ಸ್ವಾಯತ್ತತೆಯೂ, ಮಿದುಳಿನ ಕೇಂದ್ರಾಧಿಕಾರವೂ ಒಂದೇ ಮನುಷ್ಯದೇಹದಲ್ಲಿ ಒಟ್ಟಿಗೆ ನಡೆದಿವೆ.

೫. ನಿಯಮವೂ ಅಪವಾದವೂ

ಇಷ್ಟಾದ ಮೇಲೆ ಗಾಲ್ಜಿಯ ಪಕ್ಷವು ಪೂರ್ಣವಾಗಿ ಸೋತಿತೆಂದು ಹೇಳಬಹುದೆ? ೧೯೫೯ರಲ್ಲಿ ಫರ್ಶ್‌ಪನ್ ಮತ್ತು ಪಾಟರ್ ಸಿಹಿನೀರಿನ ಕ್ರೇಫಿಷ್ ಎಂಬ ಸಿಗಡಿಯಂಥ ಪ್ರಾಣಿಯಲ್ಲಿ, ರಾಸಾಯನಿಕದ ನೆರವಿಲ್ಲದೆ ವಿದ್ಯುತ್ತೇ ನೇರವಾಗಿ ದಾಟ್ಟುವ ಸಂಧಿಗಳನ್ನು ಕಂಡುಹಿಡಿದರು. ಅಲ್ಲಿ ಕೋಶಗಳು ಬೇರೆಯಾಗಿಯೇ ಇದ್ದರೂ ಅವುಗಳ ನಡುವೆ ಸೂಕ್ಷ್ಮವಾದ ಕೊಳವೆಗಳಿವೆ. ಇಂತಹವು ಮನುಷ್ಯನ ಮಿದುಳಿನಲ್ಲಿಯೂ ಉಂಟು. ಸ್ಕ್ವಿಡ್ಡಿನ ಆ ದೈತ್ಯತಂತುವಾದರೋ ಒಂದು ಕೋಶದ್ದಲ್ಲ. ನೂರಾರು ಕೋಶಗಳ ತಂತುಗಳು ಬೆಳವಣಿಗೆಯಲ್ಲಿ ಬೆಸೆದು ಆದುದು. ೨೦೨೩ರಲ್ಲಿ ಇದಕ್ಕಿಂತಲೂ ಅನಿರೀಕ್ಷಿತವಾದ ವಾರ್ತೆ ಬಂದಿತು. ಬಾಚಣಿಗೆಯ ಹಲ್ಲುಗಳಂಥ ರೋಮಸಾಲುಗಳಿಂದ ಈಜುವ ಟೀನೊಫೋರ್ ಎಂಬ ಕಡಲಜೀವಿಯ ಚರ್ಮದಡಿಯ ನರಜಾಲದಲ್ಲಿ, ಕೋಶಗಳು ಸಂಧಿಯಿಲ್ಲದೆ ಒಂದಕ್ಕೊಂದು ಬೆಸೆದು ಅಖಂಡವಾದ ಬಲೆಯಾಗಿರುವುದನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ತೋರಿಸಿತು. ಗಾಲ್ಜಿ ಊಹಿಸಿದ ರಚನೆ ಅವನು ಹುಡುಕಿದ ಕಡೆ ಇರಲಿಲ್ಲ. ಆದರೆ ಪ್ರಾಣಿವರ್ಗದ ಒಂದು ಮೂಲೆಯಲ್ಲಿ ಇದ್ದೇ ಇತ್ತು. ನರಮಂಡಲವು ಪ್ರಾಣಿಗಳ ಇತಿಹಾಸದಲ್ಲಿ ಒಮ್ಮೆ ಮಾತ್ರ ಹುಟ್ಟಿತೋ, ಬೇರೆಬೇರೆಯಾಗಿ ಎರಡು ಬಾರಿ ಹುಟ್ಟಿತೋ ಎಂಬ ಚರ್ಚೆಗೆ ಇದರಿಂದ ಹೊಸ ಬಲ ಬಂದಿದೆ.

ಕಹಾಲನು ಕೈಯಿಂದ ಬರೆದ ಚಿತ್ರಗಳ ಕೆಲಸವನ್ನು ಇಂದು ಯಂತ್ರಗಳು ಮುಂದುವರಿಸುತ್ತಿವೆ. ಒಂದು ಮಿಲಿಮೀಟರು ಉದ್ದದ ಸೀನೊರ್‌ಹ್ಯಾಬ್ಡೈಟಿಸ್ ಎಂಬ ದುಂಡುಹುಳುವಿನ ೩೦೨ ನರಕೋಶಗಳ ಜೋಡಣೆಯ ನಕ್ಷೆ ೧೯೮೬ರಲ್ಲಿ ಪ್ರಕಟವಾಯಿತು. ೨೦೨೪ರಲ್ಲಿ ಬೆಳೆದ ಹಣ್ಣುನೊಣದ ಮಿದುಳಿನ ನಕ್ಷೆ ಹೊರಬಂದಿತು: ಸುಮಾರು ೧,೩೯,೦೦೦ ನರಕೋಶಗಳು, ಸುಮಾರು ಐದು ಕೋಟಿ ಸಂಧಿಗಳು. ಆದರೆ ದುಂಡುಹುಳುವಿನ ನಕ್ಷೆ ದೊರೆತು ಸುಮಾರು ನಾಲ್ಕು ದಶಕಗಳಾದರೂ ಅದರ ನಡತೆಯನ್ನೆಲ್ಲ ನಕ್ಷೆಯಿಂದಲೇ ಮುಂದಾಗಿ ಹೇಳಲು ಸಾಧ್ಯವಾಗಿಲ್ಲ. ಸಂಧಿಯ ಬಲ ಗಳಿಗೆಗಳಿಗೆಗೂ ಬದಲಾಗುತ್ತದೆ. ಹಸಿವು, ಭಯ, ನಿದ್ರೆಗಳೊಡನೆ ಸ್ರವಿಸುವ ರಾಸಾಯನಿಕಗಳು ಅದೇ ಜೋಡಣೆಯಿಂದ ಬೇರೆಬೇರೆ ನಡತೆಯನ್ನು ಹೊರಡಿಸುತ್ತವೆ. ಊರಿನ ಬೀದಿಗಳ ನಕ್ಷೆಯನ್ನು ನೋಡಿ ಅಂದಿನ ಸಂತೆಯ ವ್ಯಾಪಾರವನ್ನು ಹೇಳಲಾಗದಷ್ಟೆ.

ಪ್ರಾಣಿಗಳನ್ನು ಏಣಿಯ ಮೆಟ್ಟಿಲುಗಳಂತೆ ನಿಲ್ಲಿಸಿ ಮನುಷ್ಯನನ್ನು ತುದಿಯಲ್ಲಿಡುವ ರೂಢಿ ಹಳೆಯದು. ನರಮಂಡಲದ ಅಧ್ಯಯನ ಅದಕ್ಕೆ ಆಧಾರವನ್ನು ಒದಗಿಸುವುದಿಲ್ಲ. ನಿಂತಲ್ಲಿ ಬದುಕುವುದಕ್ಕೆ ಬಲೆ, ತೆವಳುವುದಕ್ಕೆ ಗಂಟುಗಳ ಸರ, ಎಂಟು ತೋಳುಗಳಿಂದ ತಡವರಿಸಿ ಬೇಟೆಯಾಡುವುದಕ್ಕೆ ತೋಳುಗಳಲ್ಲಿಯೇ ಹಂಚಿಹೋದ ಬುದ್ಧಿ, ಹೀಗೆ ಒಂದೊಂದು ಜೀವನಕ್ರಮಕ್ಕೆ ಒಂದೊಂದು ಜೋಡಣೆ ಒದಗಿದೆ. ಗಾಲ್ಜಿ ಕಹಾಲರ ವಿವಾದವನ್ನು ತೀರ್ಮಾನಿಸಿದುದೂ ಹಿರಿಯರ ಮಾತಾಗಲಿ ಬಹುಮಾನದ ಗೌರವವಾಗಲಿ ಅಲ್ಲ. ಪ್ರತಿಯೊಂದು ಪ್ರಾಣಿಯನ್ನೂ ಅದರದರ ಸ್ಥಾನದಲ್ಲಿ ಹೊಸದಾಗಿ ನೋಡಿದ ಕಣ್ಣುಗಳು. ಗಾಲ್ಜಿಯ ಕಪ್ಪುಬಣ್ಣದ ಕ್ರಮವು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದೆ. ಅದು ಎತ್ತಿ ತೋರಿಸುವುದು ಮಾತ್ರ ಕಹಾಲನು ಕಂಡ ಬಿಡಿಕೋಶವನ್ನೇ.